ಅಮ್ಮ ಟರ್ಮಿನಲ್

ತಮ್ಮ ಕಳಿಸಿದ ಮೆಸೇಜಿನಲ್ಲಿದ್ದದ್ದು ನಾಲ್ಕೇ ಪದ: "ಅಮ್ಮ ಟರ್ಮಿನಲ್. ಬೇಗ ಬಾ."

ಅಕ್ಕ ಹನ್ನೊಂದು ವರ್ಷದಿಂದ ಕ್ಯಾನ್ಸರ್ ವಾರ್ಡಿನ ನರ್ಸು. ಆ ವಾರ್ಡಿನಲ್ಲಿ ಟರ್ಮಿನಲ್ ಅಂದರೆ ಒಂದೇ ಅರ್ಥ. ಡಾಕ್ಟರು ಫೈಲಿನಲ್ಲಿ ಆ ಪದ ಬರೆದ ಮೇಲೆ ನೋವಿಗೆ ಔಷಧಿ ಕೊಡುವುದಷ್ಟೇ ಉಳಿಯುತ್ತಿತ್ತು. ಅಮ್ಮನ ಕತ್ತಿನ ಬಳಿಯ ಗಂಟನ್ನು ಹೋದ ವಾರ ಬೇರೊಂದು ಆಸ್ಪತ್ರೆಯಲ್ಲಿ ತೆಗೆಸಿದ್ದರು. ರಿಪೋರ್ಟು ಬರುವುದಿದ್ದದ್ದು ಇವತ್ತೇ.

ಅವಳು ಮೆಸೇಜನ್ನು ಇನ್ನೊಮ್ಮೆ ಓದಿದಳು. ತಮ್ಮನಿಗೆ ಫೋನು ಮಾಡಿದಳು, ಸ್ವಿಚ್ ಆಫ್. ಡ್ಯೂಟಿ ಮುಗಿದು ಐದು ನಿಮಿಷವಾಗಿತ್ತು. ಬಟ್ಟೆ ಬದಲಿಸದೆ, ಎರಡು ಬೀದಿ ಆಚೆ ಇದ್ದ ಗಂಡನ ಬ್ಯಾಟರಿ ಅಂಗಡಿಗೆ ಓಡಿದಳು.

"ರೀ, ಟರ್ಮಿನಲ್ ಅಂತೆ!"

ಗಂಡ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡಿದ್ದ. "ಬ್ಯಾಟರಿ ಟರ್ಮಿನಲ್ಲಾ? ತುಕ್ಕು ಹಿಡಿದಿರುತ್ತೆ. ಬಿಸಿನೀರು ಹಾಕಿ ಉಜ್ಜಿದ್ರೆ ಸರಿಹೋಗುತ್ತೆ ಬಿಡು."

"ನನ್ನಮ್ಮನ್ನ ಉಜ್ತೀರಾ?" ಎಂದವಳೇ ಗೊಳೋ ಎಂದು ಅತ್ತಳು.

ತಲೆಯೆತ್ತಿದ ಗಂಡ ಅವಳು ಮುಂದೆ ಹಿಡಿದ ಮೆಸೇಜು ಓದಿದ. ಕೈ ಒರೆಸಿಕೊಂಡು ಸ್ಕೂಟರ್ ತೆಗೆದ. ದಾರಿಯುದ್ದಕ್ಕೂ ಅವಳು ಅವನ ಬೆನ್ನಿಗೆ ಹಣೆಯೊತ್ತಿ ಕೂತಿದ್ದಳು. ರೋಗಿಗಳ ಮನೆಯವರಿಗೆ ದಿನಾ ಹೇಳುತ್ತಿದ್ದ ಸಮಾಧಾನದ ಮಾತುಗಳನ್ನೇ ತನಗೂ ಹೇಳಿಕೊಳ್ಳುತ್ತಿದ್ದಳು.

ಗಂಟು ತೆಗೆಸಿದ್ದ ಆಸ್ಪತ್ರೆಯ ರಿಪೋರ್ಟ್ ಕೌಂಟರಿನ ಹೆಂಗಸು ಅಮ್ಮನ ಹೆಸರು ಕೇಳಿದ ಕೂಡಲೇ ನಕ್ಕಳು. "ಆ ಅಜ್ಜಿನಾ? ಡಾಕ್ಟರ ಹತ್ರ ಹೋಗಿ ಬಂದು, ನನ್ನ ಕೆನ್ನೆ ಹಿಂಡಿ ಹೋದ್ರು. ತಂಗಿ ಊರಿಗೆ ಬಸ್ಸು ಎಷ್ಟೊತ್ತಿಗೆ ಅಂತ ನನ್ನೇ ಕೇಳಿದ್ರು, ನಾನೇನು ಕಂಡಕ್ಟರಾ?"

ಗಂಡ ಹಣೆ ಚಚ್ಚಿಕೊಂಡ. "ಬಸ್ ಟರ್ಮಿನಲ್ ಕಣೇ!"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮನನ್ನು ಕಣ್ಣಾರೆ ಕಾಣುವ ತನಕ ಪೂರ್ತಿ ನಂಬುವ ಧೈರ್ಯವೂ ಬರಲಿಲ್ಲ.

ಬಸ್ ಟರ್ಮಿನಲ್‌ನ ಆರನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಮ್ಮ ಚೀಲ ತಬ್ಬಿಕೊಂಡು ಕೂತಿದ್ದಳು. ಕತ್ತಿನ ಬ್ಯಾಂಡೇಜು ಕಾಣದಂತೆ ಸೆರಗು ಹೊದ್ದಿದ್ದಳು. ತಮ್ಮ ಬಾಳೆಹಣ್ಣು ಸುಲಿಯುತ್ತಿದ್ದ.

"ಬಂದ್ಯಾ? ಬರೀ ಕೊಬ್ಬಿನ ಗಂಟಂತೆ ಕಣೇ!" ಎಂದಳು ಅಮ್ಮ. "ನಿಂಗೆ ಬಾಯಾರೆ ಹೇಳಿಯೇ ಬಸ್ ಹತ್ತೋದು ಅಂತ ಕಾಯ್ತಿದ್ದೆ."

ಅಕ್ಕ ರಿಪೋರ್ಟು ಕಿತ್ತುಕೊಂಡು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು. ಹೋದ ಜೀವ ಬಂದಂತಾಯಿತು. ಆಮೇಲೆ ಅದನ್ನೇ ಸುರುಳಿ ಸುತ್ತಿ ತಮ್ಮನಿಗೆ ನಾಲ್ಕು ಬಾರಿಸಿದಳು.

"ಅಯ್ಯೋ, ಚಾರ್ಜು ಒಂದು ಪರ್ಸೆಂಟ್ ಇತ್ತಕ್ಕ! ಅಷ್ಟು ಟೈಪ್ ಮಾಡಿದ್ದೇ ದೊಡ್ಡದು!"

"ಟರ್ಮಿನಲ್‌ನಲ್ಲಿ ಅಂತ ಬರೆಯೋಕೆ ಇನ್ನೆಷ್ಟು ಪರ್ಸೆಂಟ್ ಬೇಕಿತ್ತೋ ಮುಠ್ಠಾಳ?"

ವಿಷಯ ತಿಳಿದ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಮಗಳ ಕೈ ಹಿಡಿದಳು. ಮಗಳು ಆ ಕೈಯನ್ನು ಎರಡೂ ಕೈಯಿಂದ ಅವುಚಿಕೊಂಡಳು, ಬಿಡಲಿಲ್ಲ. ಅಮ್ಮನ ನಗು ನಿಂತಿತು.

"ನೀನೂ ಬಾ," ಎಂದಳು. "ಚಿಕ್ಕಮ್ಮನ ಮನೇಲಿ ಎರಡು ದಿನ ಇದ್ದು ಬರೋಣ. ನಾಳೆ ನಾಳಿದ್ದು ನಿಂಗೆ ರಜಾ ತಾನೇ?"

"ಬಟ್ಟೆ?"

"ನಂದು ಉಟ್ಕೋ."

ಗಂಡ ಆಗಲೇ ಇನ್ನೊಂದು ಟಿಕೆಟ್ ತರಲು ಹೊರಟಿದ್ದ. ಅಕ್ಕ ಯೂನಿಫಾರ್ಮಿನಲ್ಲೇ ಬಸ್ ಹತ್ತಿ ಅಮ್ಮನ ಪಕ್ಕ ಕೂತಳು. ಬಸ್ಸು ಊರು ದಾಟುವುದರೊಳಗೆ ಅಮ್ಮನ ಹೆಗಲಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು.