ಬೂದಿಯ ನೋವಿನ ಪುಡಿ

ಬೂದಿಯ ಬಾಲವನ್ನು ಬೆಚ್ಚನೆಯ ನೀರಿನ ಬಕೆಟ್ಟಿನಲ್ಲಿ ಅದ್ದಿ ಸೊಸೆ ಮೂರನೆಯ ಸಲ ತೊಳೆಯುತ್ತಿದ್ದಳು. ಆ ಬೂದು ಬಣ್ಣದ ಮುದಿ ಕುದುರೆ ನಿನ್ನೆಯಿಂದ ನೀರಿನಂತೆ ಭೇದಿ ಮಾಡುತ್ತಿತ್ತು. ಬಾಲ ಒರೆಸಿ ಬಟ್ಟೆಪಟ್ಟಿ ಸುತ್ತಿದಳು. ಹಿಂದೊಡೆಯ ಚರ್ಮ ಸುಲಿಯದಿರಲೆಂದು ವ್ಯಾಸಲೀನ್ ಹಚ್ಚಿದಳು.

"ಪಟ್ಟಿ ಸಡಿಲ ಆಯ್ತು ಕಣೇ ಬೂದಿ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಸೊಸೆ ಪಟ್ಟಿ ಬಿಚ್ಚಿ ಬಿಗಿಯಾಗಿ ಸುತ್ತಿದಳು. ಒಂದು ತಿಂಗಳಿಂದ ಇಬ್ಬರ ಮಾತುಕತೆ ಹೀಗೆ ಕುದುರೆಯ ಮೂಲಕವೇ ಸಾಗಿತ್ತು. ಸವಾರಿ ಕಲಿಯಲು ಬಂದವರ ಎದುರು ಅತ್ತೆ, ಇವಳ ಕೈಗೆ ಕುದುರೆ ಕೊಟ್ಟರೆ ಮುಗಿದಂತೆ ಎಂದಿದ್ದರು. ಅಂದಿನಿಂದ ಇವಳು ಅತ್ತೆಯ ಜೊತೆ ನೇರ ಮಾತು ಬಿಟ್ಟಿದ್ದಳು. ಅತ್ತೆಯೂ ಸೋಲುವವರಲ್ಲ, ಮೂವತ್ತು ವರ್ಷ ಒಬ್ಬರೇ ಆ ಸವಾರಿ ಶಾಲೆ ನಡೆಸಿದವರು. ಗಂಡ ಮಾತ್ರ ಎರಡೂ ಕಡೆ ತಲೆಯಾಡಿಸಿ ಜಾಣನಾಗಿದ್ದ.

ಹತ್ತು ಗಂಟೆಗೆ ಪಶುವೈದ್ಯೆ ಬಂದರು. ಜ್ವರ ಇರಲಿಲ್ಲ. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಅದು ಮಡಿಕೆಯಾಗಿಯೇ ನಿಂತಿತು. ಮೈಯ ನೀರು ಬತ್ತಿತ್ತು. ಮರಳು ತಿಂದಿದೆಯೇನೋ ಎಂದು ಲದ್ದಿಯನ್ನು ನೀರಲ್ಲಿ ಕದಡಿ ನೋಡಿದರು, ತಳದಲ್ಲಿ ಮರಳು ಕೂರಲಿಲ್ಲ. ಹುಳುವೋ ಸೋಂಕೋ ತಿಳಿಯಲೆಂದು ಒಂದಿಷ್ಟು ಡಬ್ಬಿಗೆ ತುಂಬಿಕೊಂಡರು. ಮೇವು ಬದಲಾಗಿಲ್ಲ ಎಂದು ಅತ್ತೆ ಹೇಳಿದರು. ಆಮೇಲೆ ವೈದ್ಯೆ ಕುದುರೆಯ ತುಟಿ ಎತ್ತಿ ಒಳಗಿನ ಹುಣ್ಣು ಕಂಡರು, ಹೊಟ್ಟೆಯಡಿಯ ಊತ ಮುಟ್ಟಿದರು.

"ಕಾಲು ಕುಂಟುತ್ತೆ ಅಂತ ನೋವಿನ ಪುಡಿ ಕೊಟ್ಟಿದ್ದೆನಲ್ಲ, ದಿನಾ ಯಾರು ಹಾಕ್ತಿದ್ದೀರಿ?"

"ನಾನು," ಎಂದರು ಅತ್ತೆ.

"ನಾನು," ಎಂದಳು ಸೊಸೆ, ಅದೇ ಉಸಿರಿನಲ್ಲಿ.

ಲೆಕ್ಕ ಹೊರಬಿತ್ತು. ಇವಳಿಗೆ ಮರೆತುಹೋಗುತ್ತದೆಂದು ಅತ್ತೆ ಬೆಳಿಗ್ಗೆ ಐದಕ್ಕೆ, ಕಪಾಟಿನಲ್ಲಿ ಹಿಂದಿನ ವರ್ಷ ಉಳಿದಿದ್ದ ಡಬ್ಬಿಯಿಂದ. ಅತ್ತೆಗೆ ಎಲ್ಲಿ ನೆನಪಿರುತ್ತದೆಂದು ಸೊಸೆ ಒಂಬತ್ತಕ್ಕೆ, ಹೊಸ ಡಬ್ಬಿಯಿಂದ. ಹನ್ನೆರಡು ದಿನ, ದಿನಕ್ಕೆ ಎರಡು ಪಾಲು. ಅಷ್ಟು ಮಾತಾಡಿಸಿದ ಬೂದಿಗೆ ಇಬ್ಬರೂ ಅದೊಂದನ್ನು ಹೇಳಿರಲಿಲ್ಲ.

"ನಿಮ್ಮಿಬ್ಬರ ಅಕ್ಕರೆ ಅದರ ಕರುಳನ್ನ ಹುಣ್ಣು ಮಾಡಿದೆ," ಎಂದರು ವೈದ್ಯೆ. ಪುಡಿ ನಿಲ್ಲಿಸಿ, ಕತ್ತಿನ ನರಕ್ಕೆ ಡ್ರಿಪ್ ಹಾಕಿದರು. ಕಾಳು ಬೇಡ, ಒಣಹುಲ್ಲು ಸಾಕು. ವರದಿ ಬರುವವರೆಗೆ ಬೇರೆ ಕುದುರೆಗಳನ್ನು ಹತ್ತಿರ ಬಿಡಬಾರದು. ಮೂರು ದಿನ ದಾಟಿದರೆ ಉಳಿಯಬಹುದು. "ಎಷ್ಟು ನೀರು ಕುಡೀತು, ಎಷ್ಟು ಸಲ ಭೇದಿ ಆಯ್ತು, ದಿನಾ ನಂಗೆ ತಿಳಿಸಿ. ಇಬ್ಬರದ್ದೂ ಒಂದೇ ಲೆಕ್ಕ ಇರಲಿ."

ವೈದ್ಯೆ ಹೋದ ಮೇಲೆ ಲಾಯದಲ್ಲಿ ಡ್ರಿಪ್ಪಿನ ಹನಿ ಬೀಳುವುದನ್ನು ಇಬ್ಬರೂ ನೋಡುತ್ತ ನಿಂತರು. ಅತ್ತೆ ಕುದುರೆಯ ಹಣೆ ಸವರಿದರು.

"ಬೂದಿ, ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದೆ ಅಂತ ನಂಗೆ ಯಾರೇ ಹೇಳ್ತಾರೆ?"

ಮುಕ್ಕಾಲು ಬಕೆಟ್ಟು. ಅದು ಸೊಸೆಗೆ ಗೊತ್ತಿತ್ತು. ಬೂದಿ ಕುಡಿಯುವ ಬಕೆಟ್ಟನ್ನು ಅತ್ತೆಯ ಕಡೆ ಸರಿಸಿ, ಒಳಗಿನ ನೀರಿನ ಮಟ್ಟ ಅವರಿಗೆ ಕಾಣುವಂತೆ ಇಟ್ಟಳು.

ನಾಳೆ ಐದಕ್ಕೆ ಅತ್ತೆ ಬರುವ ಮೊದಲೇ ತಾನಿಲ್ಲಿರಬೇಕು, ಅವರು ಬೂದಿಯ ಹೆಸರೆತ್ತುವ ಮುನ್ನ "ಅತ್ತೆ" ಎನ್ನಬೇಕು ಎಂದುಕೊಂಡಳು. ಅಷ್ಟರಲ್ಲಿ ಬಾಲ ಮತ್ತೆ ಒದ್ದೆಯಾಗಿತ್ತು. ಪಟ್ಟಿ ಬಿಚ್ಚತೊಡಗಿದಳು.