ಕೆಂಪು ಚೀಟಿ

ನರೋಡಾದ ಕಾರ್ಖಾನೆಯೊಂದರಲ್ಲಿ ಸೇನೆಯವರೂ ಆಸ್ಪತ್ರೆಯವರೂ ಸೇರಿ ಅನಿಲ ಸೋರಿಕೆಯ ಅಣಕು ಕಾರ್ಯಾಚರಣೆ ಇಟ್ಟುಕೊಂಡಿದ್ದರು. ಗಾಯಾಳುಗಳ ಪಾತ್ರಕ್ಕೆ ಡಾಕ್ಟರ್ ಆಶ್ರಿತಾ ಕನ್ನಡ ಸಂಘದವರನ್ನೇ ಕರೆತಂದಿದ್ದಳು. ಗಂಭೀರ ಗಾಯದ ಕೆಂಪು ಚೀಟಿಯವರಿಗೆ ಮಾತ್ರ ಆಂಬುಲೆನ್ಸ್, ಸಣ್ಣಪುಟ್ಟ ಗಾಯದ ಹಸಿರಿನವರು ಬಿಸಿಲಲ್ಲೇ ಕಾಯಬೇಕು ಎಂದು ಅವಳೇ ಗದರಿಸಿ ಹೇಳಿದ್ದಳು. ಆಂಬುಲೆನ್ಸಿನಲ್ಲಿ ಏಸಿ ಇದೆಯೆಂದು ಗೊತ್ತಾದದ್ದೇ ತಡ, ಎಲ್ಲರ ಸ್ಥಿತಿಯೂ ಗಂಭೀರವಾಯಿತು. ಬ್ಯಾಂಕ್ ಮ್ಯಾನೇಜರರ ಹೆಂಡತಿ ಗಿರಿಜಮ್ಮನಂತೂ ತಾವೇ ಕೆಂಪು ಚೀಟಿ ಕಟ್ಟಿಕೊಂಡು ಮೊದಲು ಹತ್ತಿದರು.

"ಮೊಣಕೈ ತರಚಿದ್ದಕ್ಕೆಲ್ಲ ಕೆಂಪು ಚೀಟೀನಾ? ಇಳೀರಿ ಎಲ್ಲಾ!" ಎಂದು ಉರಿಬಿಸಿಲಲ್ಲಿ ಕೂಗಾಡುತ್ತಿದ್ದ ಆಶ್ರಿತಾಗೆ ನಿಜವಾಗಿಯೂ ತಲೆ ಸುತ್ತಿತು. ಸೇನೆಯ ಮೇಜರ್ ಸಾಹೇಬರು ಅವಳನ್ನು ಎತ್ತಿಕೊಂಡು ಓಡಿ ಆಂಬುಲೆನ್ಸಿನ ಬಾಗಿಲು ಬಡಿದರು.

ಗಿರಿಜಮ್ಮ ಕಿಟಕಿ ಒಂಚೂರು ಸರಿಸಿ ಇಣುಕಿದರು. "ಅಯ್ಯೋ ಪಾಪ! ಚೀಟಿ ಯಾವ ಬಣ್ಣದ್ದಮ್ಮಾ?"