ಕಾರಿನ ಹೊಟ್ಟೆ ತುಂಬುವಷ್ಟು ಹೊತ್ತು

ಹಿರಿಯೂರಿನ ಹೆದ್ದಾರಿ ಪಕ್ಕ, ತಮ್ಮ ಹೋಟೆಲಿನ ಅಂಗಳದಲ್ಲಿ ಶಿವಕುಮಾರಪ್ಪ ಕಾರು ಚಾರ್ಜ್ ಮಾಡುವ ಯಂತ್ರ ಹಾಕಿಸಿದಾಗ ಹೆಂಡತಿ ಅನ್ನಪೂರ್ಣಮ್ಮ ಎದುರಾಡಲಿಲ್ಲ. ಮನೆಯ ಮೇಲೊಂದು ಕೋಣೆ ಕಟ್ಟಿಸಿ, ಗಾಳಿಗೆ ದೊಡ್ಡದೊಂದು ಕಿಟಕಿ ಬಿಡಿಸಬೇಕೆಂದು ಅವಳು ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಆ ಯಂತ್ರಕ್ಕೇ ಹೋಗಿತ್ತು. ಸಿರಿಗೆರೆಯಲ್ಲಿ ಪಾಠ ಹೇಳುವ ಮಗಳು ಪಲ್ಲವಿ ಕೊಟ್ಟ ಸಲಹೆ ಅದು. ಸಲಹೆಯೇನೂ ತಪ್ಪಲ್ಲ, ಹಸಿರು ನಂಬರ್ ಪ್ಲೇಟಿನ ಕರೆಂಟ್ ಕಾರುಗಳು ಬರುತ್ತಲೇ ಇದ್ದವು. ಆದರೆ ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ.

"ಹಿಂಗೇ ಆದ್ರೆ ಇದ್ರ ಮೇಲೆ ಗೋಣಿಚೀಲ ಹಾಸಿ ಮೆಣಸಿನಕಾಯಿ ಒಣಗಾಕ್ತೀನಿ ನೋಡು," ಅಂದ ಶಿವಕುಮಾರಪ್ಪ. ನಗುತ್ತಲೇ ಅಂದರೂ ಅವನ ಮುಖ ಸಣ್ಣಗಾದದ್ದು ಅವಳಿಗೆ ಕಾಣದೆ ಹೋಗಲಿಲ್ಲ. ಕೋಣೆ ಹೋದರೆ ಹೋಗಲಿ, ಈ ಮುಖ ಹೀಗಿರಬಾರದು ಅನ್ನಿಸಿತು.

ಆ ಭಾನುವಾರ ಬಿಳಿ ಕಾರೊಂದು ಬಂತು. ಗಂಡ, ಹೆಂಡತಿ, ಜೊತೆಗೊಬ್ಬ ಮುದುಕಿ. ಶಿವಕುಮಾರಪ್ಪ ಕಾರಿಗೆ ವೈರು ಸಿಕ್ಕಿಸಿದವನೇ, "ಬರ್ರಿ ಬರ್ರಿ, ಕುಂತ್ಕಳ್ರಿ," ಎಂದು ಮೂವರನ್ನೂ ಒಳಗೆ ಕರೆದ. ನೀರಿಗಿಂತ ಮೊದಲು ಇಡ್ಲಿ ಬಂತು. ಕೊನೆಯ ತುತ್ತು ಬಾಯಲ್ಲಿರುವಾಗಲೇ ಮೇಜಿನ ಮೇಲೆ ಒರೆಸುವ ಬಟ್ಟೆ ಆಡಿತು. ಕಾಫಿ ಲೋಟದ ಜೊತೆಗೇ ಬಿಲ್ಲೂ ಬಂತು.

ಹೊರಗೆ ಬಸ್ಸಿನ ಡ್ರೈವರ್ ಹಾರ್ನ್ ಒತ್ತುತ್ತಿರುವಾಗ ಒಳಗೆ ಜನಕ್ಕೆ ಉಣ್ಣಿಸಿ ಬೆಳೆದ ಕೈ ಅವನದು. ನಮ್ಮ ಹೋಟೆಲಲ್ಲಿ ತಿಂದವರು ಯಾರೂ ಬಸ್ಸು ತಪ್ಪಿಸಿಕೊಂಡಿಲ್ಲ ಎಂಬುದೇ ಅವನ ಹೆಮ್ಮೆ.

ಅನ್ನಪೂರ್ಣಮ್ಮ ಅಡುಗೆಮನೆಯಿಂದ ನೋಡಿದಳು. ಕಾರಿಗೆ ಇನ್ನೂ ಅರ್ಧವೂ ತುಂಬಿಲ್ಲ. ಮುದುಕಿ ಕಾಫಿ ಲೋಟ ಹಿಡಿದುಕೊಂಡೇ ಬಿಸಿಲಲ್ಲಿ ಕಾರಿಗೆ ಒರಗಿ ನಿಂತಿದ್ದಾಳೆ.

"ರೀ, ಅವ್ರ ಬಸ್ಸು ಎಷ್ಟೊತ್ತಿಗೆ?"

"ಯಾವ ಬಸ್ಸೇ? ಅವ್ರು ಕಾರಲ್ಲಿ ಬಂದೋರು."

"ಮತ್ತೆ ಹಂಗ್ಯಾಕೆ ಅಟ್ಟಿದ್ರಿ? ನಮ್ಮ ಮದ್ವೇಲೂ ಹಿಂಗೇ ಮಾಡಿದ್ರಿ. ನಾನು ಪಾಯಸಕ್ಕೆ ಕೈ ಇಟ್ಟಿದ್ದೇ ತಡ, ಏಳು, ಇನ್ನೊಂದು ಪಂಕ್ತಿ ಕಾಯ್ತೈತೆ ಅಂದ್ರಿ."

"ಅದುನ್ನ ಇನ್ನೂ ಮರ್ತಿಲ್ವೇನೇ ನೀನು?"

"ಪಾಯಸ ಉಂಡಿದ್ರೆ ಮರೀತಿದ್ದೆ."

ಅವನ ಹೆಗಲ ಮೇಲಿನ ಬಟ್ಟೆ ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೇವಿನ ಮರದ ನೆರಳಲ್ಲಿ ಚಾಪೆ ಹಾಸಿ, "ಅವ್ವಾ, ಬಿಸ್ಲಾಗ್ಯಾಕೆ ನಿಂತ್ರಿ, ಇಲ್ಲಿ ಬರ್ರಿ," ಎಂದು ಕರೆದಳು. ಸಾಂಬಾರಿಗೆಂದು ಇಟ್ಟುಕೊಂಡಿದ್ದ ಅವರೆಕಾಯಿ ಬುಟ್ಟಿ ಪಕ್ಕದಲ್ಲೇ ಇತ್ತು. ಮುದುಕಿ ಕೂತವಳೇ, ಯಾರೂ ಹೇಳದಿದ್ದರೂ ಕಾಯಿ ಬಿಡಿಸತೊಡಗಿದಳು. ಅವಳ ತವರು ಮಾಡದಕೆರೆ ಎಂಬ ಹಳ್ಳಿಯಂತೆ. ಒರೆಸುವ ಬಟ್ಟೆಯಿಲ್ಲದೆ ಕೈಗೆ ಕೆಲಸವೇ ತೋಚದ ಶಿವಕುಮಾರಪ್ಪನೂ ಬುಟ್ಟಿಯ ಮುಂದೆ ಕುಕ್ಕರಿಸಿದ.

"ಹುಳ ನೋಡ್ಕಂಡು ಬಿಡ್ಸಪ್ಪ," ಅಂದಳು ಮುದುಕಿ. "ಏನ್ ಅವಸ್ರ ನಿಂದು?"

ಅನ್ನಪೂರ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಯಂತ್ರ ಕುಂಯ್‌ಗುಟ್ಟಿತು. "ಕಾರು ತುಂಬ್ತು!" ಎಂದು ಎದ್ದೇಬಿಟ್ಟವನು ಹೆಂಡತಿಯ ಮುಖ ನೋಡಿ ಮತ್ತೆ ಕೂತ. "ಇರ್ಲಿ, ಇನ್ನೊಂದು ಕಾಫಿ ಕುಡ್ದು ಹೋಗ್ರಿ."

ಮುಂದಿನ ಭಾನುವಾರ ಅದೇ ಬಿಳಿ ಕಾರು ಅಂಗಳಕ್ಕೆ ತಿರುಗಿತು. ಶಿವಕುಮಾರಪ್ಪ ವೈರು ಹಿಡಿದು ಓಡಿದರೆ, ಮುದುಕಿಯ ಮಗ ಸಂಕೋಚದಿಂದ ನಕ್ಕ. "ಚಾರ್ಜ್ ಇನ್ನೂ ಮುಕ್ಕಾಲು ಪಾಲು ಐತೆ ಯಜಮಾನ್ರೇ. ನಮ್ಮವ್ವ ಇಲ್ಲೇ ನಿಲ್ಸು ಅಂತ ಹಠ ಮಾಡಿದ್ಲು."

"ಕಾಲು ಪಾಲೇ ತುಂಬ್ಸಾಣ ಬಿಡ್ರಿ," ಎಂದು ವೈರು ಸಿಕ್ಕಿಸಿ, ತಾನೇ ಹೋಗಿ ಚಾಪೆ ಹಾಸಿದ. ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದು, ಬುಟ್ಟಿ ಎತ್ತಿಕೊಳ್ಳುವ ನೆವದಲ್ಲಿ, ಅವಳ ಕಡೆ ನೋಡದೆ ಕೇಳಿದ:

"ಅಲ್ವೇ, ಆ ಮ್ಯಾಲಿನ ಕೋಣೆ ಕಿಟಕಿ ಯಾವ ಕಡೀಕೆ ಬಿಡ್ಸಾಣ ಅಂತಿದ್ದೆ ನೀನು?"